ಫೋನ್ ಬಾರದ ಸಂಜೆ

ಮೇ ೧೪, ರಾತ್ರಿ.

ಸಮಸ್ತರಿಗೂ ತಿಳಿಯಪಡಿಸುವುದೇನೆಂದರೆ, ಇವತ್ತು ನಾನು ಸೋಫಾ ಬಿಟ್ಟು ಎದ್ದೆ. ದಿನಾ ನಡೆಯದಿದ್ದರೆ ಮುಂದಿನ ತಿಂಗಳಿಂದ ಸಕ್ಕರೆ ಕಾಯಿಲೆಗೆ ಇಂಜೆಕ್ಷನ್ನೇ ಗತಿ ಎಂದಿದ್ದಾರೆ ಡಾಕ್ಟರು. ಹೊರಗೆ ಕೆಂಡದಂಥ ಬಿಸಿಲು. ಅದಕ್ಕೇ, ಫೋನ್ ಬಂದಾಗಲೆಲ್ಲ ಮನೆಯೊಳಗೇ ನಡೆಯುತ್ತ ಮಾತಾಡುವ ವ್ರತ ಹಿಡಿದೆ. ದರಿದ್ರದ್ದು, ಸಂಜೆಯಾದರೂ ಒಬ್ಬರೂ ಫೋನ್ ಮಾಡಲಿಲ್ಲ! ಕೊನೆಗೆ ನಾನೇ ಅಕ್ಕನಿಗೆ ಮಾಡಿದೆ.

“ಅಯ್ಯೋ, ಯಾರು ಹೋದ್ರೋ?” ಅಂದಳು ಗಾಬರಿಯಿಂದ.

“ಯಾರೂ ಹೋಗಿಲ್ಲ ಅಕ್ಕಾ. ನಡೀತಿದೀನಿ, ಸುಮ್ನೆ ಏನಾದ್ರೂ ಮಾತಾಡು.”

“ನಡಿ ಮಾರಾಯ, ಬೇಡ ಅಂದೋರ್ಯಾರು? ನನ್ನ ಹಾಲು ಉಕ್ತಾ ಇದೆ,” ಎಂದು ಇಟ್ಟೇಬಿಟ್ಟಳು. ನಾನಿನ್ನೂ ಫ್ರಿಜ್ಜಿನವರೆಗೂ ತಲುಪಿರಲಿಲ್ಲ.

ಒಂದು ಫೋನಿಗೂ ದಿಕ್ಕಿಲ್ಲದ ಮನುಷ್ಯನಾದೆನಲ್ಲ ಎಂದು ಮೈಯೆಲ್ಲ ಉರಿಯುತ್ತಿದೆ.

ಈ ದಿನಚರಿಯನ್ನು ಕದ್ದು ಓದುವ ನನ್ನ ಹೆಂಡತಿಯೇ, ನಾಳೆ ಆಫೀಸಿನಿಂದ ಒಂದು ಫೋನ್ ಮಾಡು. ಬೈಯುವುದಿದ್ದರೂ ಪರವಾಗಿಲ್ಲ, ಸ್ವಲ್ಪ ಉದ್ದಕ್ಕೇ ಬೈ.