ಸರದಿಯಿಲ್ಲದ ನೀರು

ಅಪ್ಪಾ,

ಇದನ್ನು ನಿನಗೆ ಕಳಿಸುವುದಿಲ್ಲ. ನಿನ್ನೆ ಅವ್ವನಿಗೆ ಸಮುದ್ರ ತೋರಿಸಿದೆ. ನೀರು ಇಳಿದಿತ್ತು, ಮರಳಿನ ಮೇಲೆ ನಡೆದೇ ದ್ವೀಪ ಸೇರಿದೆವು. ಅಲ್ಲಿ, ನಮ್ಮೂರು ಕ್ಯಾತನಹಳ್ಳಿಯ ನಾಲೆಯ ಬಳಿ ಬಿಡುವಂತೆ ಅವ್ವ ಚಪ್ಪಲಿಯನ್ನು ನೀರಿನ ಅಂಚಲ್ಲೇ ಬಿಟ್ಟಳು. ತಿರುಗಿ ನೋಡುವಷ್ಟರಲ್ಲಿ ನೀರು ಏರಿ, ಅಲೆ ಅದನ್ನು ಎಳೆದುಕೊಂಡಿತ್ತು.

"ಯಾರ್ ಮಗಾ ನೀರು ಬುಟ್ಟೋರು?"

"ಯಾರೂ ಬುಡಾಕಿಲ್ಲ ಕಣವ್ವ. ದಿನಾ ತಾನೇ ಬತ್ತದೆ, ತಾನೇ ಓಯ್ತದೆ."

ನಮ್ಮೂರ ನಾಲೆಯಲ್ಲಿ ನೀರು ಬಿಡುವುದು ಸರದಿಯ ಮೇಲೆ. ಕಬ್ಬಿಗೆ ನೀರಿನ ಸರದಿ ಎಂದು ನೀನು ರಾತ್ರಿಯೆಲ್ಲ ಹೊರಗಿರುತ್ತಿದ್ದೆ. ಅವ್ವ ಬುತ್ತಿ ಕಟ್ಟಿ ಕಳಿಸುತ್ತಿದ್ದಳು. ಆ ಬುತ್ತಿ ಬಿಚ್ಚಿದ್ದು ಮಾಕವಳ್ಳಿಯ ಇನ್ನೊಬ್ಬಳ ಮನೆಯಲ್ಲಿ ಎಂದು ತಿಳಿದದ್ದು, ನೀನು ಅಲ್ಲೇ ನೆಲೆಸಿದ ಮೇಲೆ.

ಮೊಳಕಾಲುದ್ದ ನೀರಲ್ಲಿ ವಾಪಸು ಬರುವಾಗ ಅವ್ವ ಕೇಳಿದಳು: "ಅಂಗಾರೆ ಈ ಊರ ಗಂಡಸ್ರು ರಾತ್ರಿ ಏನ್ ನೆಪ ಯೋಳಿ ಓಯ್ತಾರೆ ಮಗಾ?"