ಕೇಳದೆ ತಿದ್ದಿದ ತೂತುಗಳು

ಅಪ್ಪಾ, ಈ ಸೈಬೀರಿಯಾದಲ್ಲಿ ನನ್ನಷ್ಟು ಸುಖಿ ಹೆಂಡತಿ ಇನ್ನೊಬ್ಬಳಿಲ್ಲ, ಆದರೆ ಇವತ್ತು ಕೋಪದಿಂದ ಕುದಿಯುತ್ತಿದ್ದೇನೆ. ಎಲೆಕ್ಟ್ರಾನುಗಳ ವೇಗ ಹೆಚ್ಚಿಸುವ ತಾಮ್ರದ ಕೊಳವೆಗೆ ನಕ್ಷೆ ಬರೆದಿದ್ದೆನಲ್ಲ, ಅದರ ಬಿಲ್ಲೆಗಳ ತೂತುಗಳನ್ನು ಬೇಕೆಂದೇ ಕೂದಲೆಳೆಯಷ್ಟು ಬೇರೆ ಬೇರೆ ಮಾಡಿದ್ದೆ. ಎಲ್ಲವೂ ಒಂದೇ ಅಳತೆಯಾದರೆ ಒಳಗೇಳುವ ಬೇಡದ ಅಲೆಗಳು ಒಂದುಗೂಡಿ, ಎಲೆಕ್ಟ್ರಾನುಗಳ ದಟ್ಟ ಪ್ರವಾಹವನ್ನು ಗೋಡೆಗೆ ಅಪ್ಪಳಿಸುತ್ತವೆ. ಕಾರ್ಖಾನೆಯ ಮೇಸ್ತ್ರಿ ಯೆಫಿಮ್ ಲೂಕಿಚ್ ಹಲ್ಲು ಕಿರಿದು, “ಮದುಮಗಳೇ, ಮದುವೆ ಗಲಾಟೇಲಿ ಲೆಕ್ಕ ತಪ್ಪಿದ್ದೀಯ. ಎಲ್ಲಾ ಒಂದೇ ಸಮ ಕೊರೆದಿದ್ದೀವಿ, ನಮ್ಮ ಉಡುಗೊರೆ ಅಂದ್ಕೋ” ಅಂದರು.

ತಿದ್ದುಪಡಿಗೆ ಸಹಿ ಹಾಕಿದವನು ಅದೇ ಕಾರ್ಖಾನೆಯಲ್ಲಿ ನಕ್ಷೆಗಳಿಗೆ ಒಪ್ಪಿಗೆ ಕೊಡುವ ನನ್ನ ಗಂಡ ಗ್ಲೆಬ್! “ಕೇಳಿದ್ರೆ ನಿಂಗೆ ನಾಚಿಕೆ ಆಗ್ತಿತ್ತು ಕಣೇ” ಅನ್ನುತ್ತಾನೆ. ಮದುವೆಗೆ ಮುಂಚೆ, ನನ್ನ ನಕ್ಷೆಯಲ್ಲಿ ಒಂದು ಗೆರೆ ಅರ್ಥವಾಗದಿದ್ದರೂ ಓಡಿಬಂದು ಕೇಳುತ್ತಿದ್ದವನು ಇವನೇ. ತೂತನ್ನು ಹಿಗ್ಗಿಸಬಹುದು, ಕುಗ್ಗಿಸಲಾಗದು. ಕಾರ್ಖಾನೆಯವರು ಹೊಸ ತಾಮ್ರ ಕೊಡುವುದಿಲ್ಲವಂತೆ. ಹಾಗಾಗಿ ಈಗಿರುವ ತೂತುಗಳನ್ನು ಹಿಗ್ಗಿಸಿಯೇ ಬೇರೆ ಬೇರೆ ಅಳತೆ ಬರುವಂತೆ ಇಡೀ ಲೆಕ್ಕವನ್ನು ಮತ್ತೆ ಮಾಡಿದೆ. ನನ್ನ ಕೋಪ ಇಳಿಸಲು ಇವತ್ತು ಪೆಲ್ಮೆನಿ, ಅದೇ ಮಾಂಸದ ಕಡುಬು, ಅವನೇ ಬೇಯಿಸುತ್ತಿದ್ದಾನೆ, ಆ ಏಪ್ರನ್ನಿನಲ್ಲಿ ಎಷ್ಟು ಮುದ್ದಾಗಿದ್ದಾನೆ ಗೊತ್ತಾ.

ಕೆಮ್ಮು ವಾಸಿಯಾಗಿದೆ, ಜೇನುತುಪ್ಪ ಕಳಿಸಬೇಡಿ. ಈ ಅಂಚೆ ಕಾರ್ಡು ತುಂಬಿತು. ಹೊಸ ನಕ್ಷೆಯ ಮೂಲೆಯಲ್ಲಿ ಗ್ಲೆಬ್‌ನ ಮನೆಹೆಸರು ಹಾಕಿಲ್ಲ, ನಿಮ್ಮದನ್ನೇ ಹಾಕಿದ್ದೇನೆ. ಆ ಹೆಸರಿದ್ದಾಗ ಯಾರೂ ಕೇಳದೆ ತಿದ್ದುತ್ತಿರಲಿಲ್ಲ.

ನಿಮ್ಮ ಝ್ಲಾತಾ