ಬೆಲ್ಟಿಗೆ ತೆಂಗಿನೆಣ್ಣೆ

ಮಾವ,

ನೀವು ಕಡಲ ಬದಿಯಿಂದ ಇನ್ನೂ ಬಂದಿಲ್ಲ, ನಾನು ಬಸ್ಸಿಗೆ ಹೊರಟೆ. ಸ್ಕೂಟರಿನ ಇಂಜಿನ್ ಬೊಬ್ಬೆ ಹೊಡೆಯುತ್ತದೆ, ಗಾಡಿ ಮಾತ್ರ ಗೇಟಿನ ಏರು ಹತ್ತುವುದಿಲ್ಲ. ಬೆಲ್ಟಿನ ಕವರಿನಿಂದ ತೆಂಗಿನೆಣ್ಣೆ ಇಳಿಯುತ್ತಿದೆ, ಅಡುಗೆಮನೆಯ ಬಾಟ್ಲಿ ಅರ್ಧ ಆಗಿದೆ. ಯಾರ ಕೆಲಸ ಅಂತ ಕೇಳಬೇಕಾಗಿಲ್ಲ.

ಇದು ನೀವು ಗಂಗೊಳ್ಳಿಯಲ್ಲಿ ನಡೆಸಿದ ಬೋಟಿನ ಇಂಜಿನ್ ಅಲ್ಲ ಮಾವ. ಚೈನಿಗೆ ಎಣ್ಣೆ ಬೇಕು, ರಬ್ಬರ್ ಬೆಲ್ಟು ಒಣಗಿದ್ದರೇ ಹಿಡಿಯುವುದು. ಇಷ್ಟು ವರ್ಷ ಒಂದು ದಿನವೂ ಕೈಕೊಡದ ಬೆಲ್ಟು ಅದು.

ಗ್ಯಾರೇಜಿನ ಕಿಟ್ಟಣ್ಣ ಬಂದು ಹೊಸದು ಹಾಕುತ್ತಾರೆ. ಎಣ್ಣೆ ಹಾಕಿದ್ದು ಯಾರು ಅಂತ ಕೇಳಿದರೆ ನನ್ನ ಹೆಸರು ಹೇಳಿ. ಅವರ ಕೈಯಿಂದ ಸ್ಪ್ಯಾನರ್ ಮಾತ್ರ ಕಸಿಯಬೇಡಿ. ಬಂಗಡೆ ಸಾರು ಒಲೆಯ ಮೇಲಿದೆ, ಅವರಿಗೂ ಬಡಿಸಿ.

ಸಿಟ್ಟು ಬಂದದ್ದು ಹೌದು, ಬಸ್ ಸ್ಟ್ಯಾಂಡ್ ಮುಟ್ಟುವಷ್ಟರಲ್ಲಿ ಇಳಿದೀತು. ದಿನಾ ಹಿಂದೆ ಕೂತು ಬರುವ ನಿಮ್ಮ ಮಗನಿಗೆ ಬೆಲ್ಟಿನ ಕಿರ್ರ್ ಸದ್ದು ಕೇಳಿರಲಿಲ್ಲ. ನೀವು ನಿನ್ನೆ ಜಗಲಿಯಲ್ಲಿ ಕೂತೇ ಕೇಳಿ, ನನಗೆ "ನಿನ್ ಗಾಡಿ ಕೂಗ್ತಾ ಇತ್ತಲೆ ಮಗಾ" ಅಂದಿರಿ.

ಉಳಿದ ಎಣ್ಣೆಯನ್ನು ನಮ್ಮ ಕೋಣೆಯ ಬಾಗಿಲಿಗೆ ಹಾಕಿ. ಅದೂ ಕೂಗುತ್ತದೆ, ನಿಮ್ಮ ಮಗನಿಗೆ ಅದೂ ಕೇಳುವುದಿಲ್ಲ.

ಸುಪ್ರೀತಾ